ನಿಜಗುಣಪ್ಪನ ಕಂಪ್ಯೂಟರ್ ಕಾರು

ಮಗ ನಿಜಗುಣಪ್ಪನ ಹೊಸ ಕಾರಿಗೆ ದೃಷ್ಟಿ ತಾಗಬಾರದೆಂದು ಸುಂದರವ್ವ ಮಠದ ಸ್ವಾಮಿಗಳಾದ ಅಜ್ಜಾರ ಹತ್ತಿರ ತಾಯತ ಮಾಡಿಸಿ ತಂದಳು. ಆ ತಾಮ್ರದ ತಗಡನ್ನು ಕೀಲಿಕೈಯ ತಲೆಗೆ ಸುತ್ತಿ, ಮೇಲೆ ಕರಿದಾರ ಬಿಗಿದಳು. ತಂಟೆ ಶುರುವಾಗಿದ್ದೇ ಅಲ್ಲಿಂದ.

ಅಂದು ಮನೋಳಿಯಲ್ಲಿ ನಿಜಗುಣಪ್ಪನ ನಾದಿನಿಯ ನಿಶ್ಚಯ. ಹುಡುಗಿಗೆ ಉಡಿಸುವ ಸೀರೆ ಇವನೇ ಒಯ್ಯಬೇಕು. ಬೈಲಹೊಂಗಲದಲ್ಲಿ ಬಟ್ಟೆ ಅಂಗಡಿ ಇಟ್ಟ ಅಳಿಯನಲ್ಲವೇ! "ಬಸ್ಸಿಗೆ ಬರ್ರಿ" ಎಂದ ಮಾವನಿಗೆ, "ನಮ್ಮ ಕಾರಿನ್ಯಾಗ ಕಂಪ್ಯೂಟರ್ ಐತ್ರಿ, ಕೈ ಕೊಡೂದಿಲ್ಲ" ಎಂದು ಫೋನಿನಲ್ಲಿ ಬೀಗಿದ್ದ.

ಕೀಲಿ ತಿರುವಿದ. ಎಂಜಿನ್ ಕೆಮ್ಮಿ ಸುಮ್ಮನಾಯಿತು. ಮುಂದೊಂದು ಕೆಂಪು ದೀಪ ಪಿಳಿಪಿಳಿ ಎಂದಿತು.

ಓಣಿಯೇ ನೆರೆಯಿತು. ನಿವೃತ್ತ ನೀಲಕಂಠ ಮಾಸ್ತರರು ಸೀಟಿನ ಕೆಳಗೂ ಬಗ್ಗಿ ನೋಡಿದರು. "ಕಂಪ್ಯೂಟರ್ ಎಲ್ಲದನೋ? ಟಿವಿಯಂಗ ಇರತದಲ್ಲ, ಕಾಣವಲ್ತು!"

"ಒಳಗ ಇರತೈತ್ರಿ ಸರ. ನಾನೂ ನೋಡಿಲ್ಲ."

"ನೋಡಿಲ್ಲ, ಆದ್ರೂ ಅದ ಅಂತೀದಿ. ಇದೂ ದೇವರಂಗನ ಆತು ಬಿಡು."

ಟ್ರ್ಯಾಕ್ಟರ್ ಬೀರಪ್ಪ ಅಂಗಿಯ ತೋಳು ಮೇಲೇರಿಸಿದ. "ನೂಕ್ರಿ! ಕಂಪ್ಯೂಟರ್ ಇದ್ರೂ ಓಡಬೇಕ!"

ಓಣಿಯ ಕೊನೆಯವರೆಗೆ ನೂಕಿದರು. ಚಾಲೂ ಆಗಲಿಲ್ಲ. ಏದುಸಿರು ಬಿಡುತ್ತ ಹಿಂದಕ್ಕೂ ನೂಕಿ ತಂದರು. ಹೆಂಡತಿ ಶೈಲಜಾ ಸೀರೆಯ ಗಂಟು ಎತ್ತಿಕೊಂಡು ಕೆಳಗಿಳಿದಳು. "ನೀವು ಕಂಪ್ಯೂಟರ್ ಹುಡುಕ್ಕೋತ ಕುಂದರ್ರಿ. ನಾ ಬಸ್ಸಿಗೆ ಹೊಂಟೆ." ಮಾವನ ಮುಂದೆ ಮಾನ ಹೋಯಿತೆಂದು ನಿಜಗುಣಪ್ಪನಿಗೆ ಅಳುವೇ ಬಂತು.

ಮಧ್ಯಾಹ್ನ ಧಾರವಾಡದಿಂದ ಮೆಕ್ಯಾನಿಕ್ ಬಂದ. ಕೀಲಿಕೈ ನೋಡಿ ನಕ್ಕು, ತಗಡು ಬಿಚ್ಚಿ ತಿರುವಿದ. ಕಾರು ಗುರ್ ಎಂದಿತು!

"ಕೀಲಿ ತಲ್ಯಾಗ ಚಿಪ್ ಐತ್ರಿ. ಅದರ ಗುರುತು ಸಿಕ್ಕರಷ್ಟ ಕಾರು ಚಾಲೂ ಆಗತೈತಿ. ತಾಮ್ರ ಸುತ್ತಿದ್ದಕ್ಕ ಗುರುತು ಸಿಗಲಿಲ್ಲ. ನಿಮ್ಮನ್ನ ಕಳ್ಳ ಅಂತ ತಿಳಕೊಂಡೈತಿ."

"ಕೇಳಿದ್ಯೇನಬೇ?" ಎಂದು ನಿಜಗುಣಪ್ಪ ಅವ್ವನ ಕಡೆ ಗೆದ್ದವನಂತೆ ತಿರುಗಿದ. ಅಷ್ಟರಲ್ಲಿ ಮನೋಳಿಯಿಂದ ಶೈಲಜಾಳ ಫೋನು ಬಂತು.

"ನಿಶ್ಚಯ ಚಲೋ ಆತ್ರಿ. ಆದ್ರ ಬರೂವಾಗ ದಾರ್ಯಾಗ ನಮ್ಮ ಬಸ್ ದಾಟಿದ ಕೂಡಲೇ ಹಿಂದಿದ್ದ ಕಾರಿನ ಮ್ಯಾಲ ಬೇವಿನ ಮರ ಬಿತ್ತು! ಮಂದಿ ಉಳದಾರ, ಕಾರು ಅಪ್ಪಚ್ಚಿ!"

ಫೋನಿಗೆ ಕಿವಿ ಕೊಟ್ಟಿದ್ದ ಸುಂದರವ್ವ ಕೈಮುಗಿದಳು. "ತಾಯತ ನಿನ್ನ ತಡದು ಉಳಿಸೇತಿ. ಇನ್ನ ಅದನ್ನ ಬಿಚ್ಚಿದ್ರ ನಾ ಊಟ ಮುಟ್ಟೂದಿಲ್ಲ ನೋಡು." ತಗಡು ಮತ್ತೆ ಕೀಲಿಕೈ ಏರಿತು. ಈ ಸಲ ದಾರ ಎರಡು ಸುತ್ತು ಹೆಚ್ಚು.

ನಿಜಗುಣಪ್ಪನಿಗೆ ಥಟ್ಟನೆ ನೆನಪಾಯಿತು. ಕಪಾಟಿನಲ್ಲಿ ಇನ್ನೊಂದು ಕೀಲಿಕೈ ಇತ್ತಲ್ಲ! ಮೆಲ್ಲಗೆ ಆ ಕಡೆ ಹೆಜ್ಜೆ ಇಟ್ಟ.

"ಕಪಾಟಿನ್ಯಾಗಿನ ಕೀಲಿಕೈನೂ ತಗೊಂಡ ಬಾರಪಾ," ಎಂದಳು ಅವ್ವ. "ಅಜ್ಜಾರು ಎರಡು ತಾಯತ ಕೊಟ್ಟಾರ."