ಸ್ಪೋಕ್ ಕಡ್ಡಿಯ ಪಂಜರ

ತಿಪ್ಪೇಸ್ವಾಮಿಯ ಆ ಭಾನುವಾರದ ತಾಪತ್ರಯಕ್ಕೆಲ್ಲ ಮೂಲ ಒಂದು ಪ್ಲಾಸ್ಟಿಕ್ ತೋಳು. ಮಗಳು ಧಾರಿಣಿಯ ರಿಮೋಟ್ ಕಾರಿನ ಮುಂಚಕ್ರವನ್ನು ಹಿಡಿದುಕೊಂಡಿರುವ, ಕಿರುಬೆರಳಿನಷ್ಟು ಉದ್ದದ ತೋಳು. ಕಾರು ಪಲ್ಟಿ ಹೊಡೆದಾಗಲೆಲ್ಲ ಅದು ಕಡಲೆಕಾಯಿ ಸಿಪ್ಪೆಯ ಹಾಗೆ ಪಟ್ಟನೆ ಮುರಿಯುತ್ತಿತ್ತು.

ಧಾರಿಣಿಗೆ ಹನ್ನೊಂದು ವರ್ಷ. ತಾಯಿ ವೈಜಯಂತಿಯ ಜೊತೆ ಜನಕಪುರಿಯಲ್ಲಿದ್ದಳು. ವಿಚ್ಛೇದನದ ಒಪ್ಪಂದದಂತೆ ತಿಂಗಳ ಎರಡನೆಯ ಭಾನುವಾರ, ಮೂರರಿಂದ ಆರು ಗಂಟೆಯವರೆಗೆ, ಮಯೂರ್ ವಿಹಾರಿನಲ್ಲಿರುವ ಅಪ್ಪನ ಫ್ಲ್ಯಾಟಿಗೆ ಬರುತ್ತಿದ್ದಳು. ಬರುವಾಗ ಕಂಕುಳಲ್ಲಿ ಮುರಿದ ಕಾರು. ಊಟದ ಮೇಜಿನ ಮೇಲೆ ಹಳೇ ಪೇಪರು ಹಾಸಿ ಅದನ್ನು ಬಿಚ್ಚಿ, ಜೋಡಿಸಿ, ನೆಟ್ಟಗೆ ಮಾಡುವ ಹೊತ್ತಿಗೆ ಐದೂಮುಕ್ಕಾಲು. ಪಾರ್ಕಿನಲ್ಲಿ ಎರಡು ಸುತ್ತು ಓಡಿಸುವಷ್ಟರಲ್ಲಿ ಗೇಟಿನ ಹೊರಗೆ ವೈಜಯಂತಿಯ ಹಾರ್ನ್.

ಹೋದ ತಿಂಗಳು ಹೊಸ ತೋಳು ಸಿಗದೆ ಕಾರು ಇಲ್ಲೇ ಉಳಿದಿತ್ತು. ಈ ತಿಂಗಳ ಮೊದಲಲ್ಲಿ ವೈಜಯಂತಿಯ ಮೆಸೇಜ್ ಬಂತು: 'ಮುಂದಿನ ತಿಂಗಳಿಂದ ಭಾನುವಾರ ಸ್ಕೇಟಿಂಗ್ ಕ್ಲಾಸ್ ಇದೆ. ನಾನು ಧಾರಿಣಿಗೆ ಒತ್ತಾಯ ಮಾಡಲ್ಲ. ಅವಳಿಗೇ ಬರಬೇಕು ಅನ್ನಿಸಿದ್ರೆ ಕರ್ಕೊಂಡು ಬರ್ತೀನಿ.'

ತಿಪ್ಪೇಸ್ವಾಮಿಗೆ ಸರ್ಕಾರಿ ಪ್ರಯೋಗಾಲಯದಲ್ಲಿ ತೂಕದ ಬಟ್ಟುಗಳನ್ನು ತೂಗಿ ಸರ್ಟಿಫಿಕೇಟು ಕೊಡುವ ಕೆಲಸ. ಮೆಸೇಜನ್ನೂ ಹಾಗೇ ಮೂರು ಸಲ ತೂಗಿ ನೋಡಿದ. ಕಾರಣ ಹೊಳೆಯಿತು. ಇದ್ದ ಮೂರು ಗಂಟೆಯಲ್ಲಿ ಎರಡೂಮುಕ್ಕಾಲು ಗಂಟೆ ಬರೀ ರಿಪೇರಿ! ಯಾವ ಮಗು ತಾನೇ ಇಷ್ಟಪಟ್ಟು ಬಂದೀತು? ಕಾರು ಮುರಿಯಲೇಬಾರದು. ಅದಕ್ಕೆ ರೇಸ್ ಕಾರುಗಳಿಗಿರುವಂಥ ರೋಲ್ ಕೇಜ್ ಬೇಕು. ಸುತ್ತಲೂ ಕಬ್ಬಿಣದ ಪಂಜರವಿದ್ದರೆ ಪಲ್ಟಿ ಹೊಡೆದಾಗ ಪೆಟ್ಟು ಪಂಜರಕ್ಕೆ, ಒಳಗಿನ ಕಾರಿಗಲ್ಲ.

ಆ ಭಾನುವಾರ ಬೆಳಿಗ್ಗೆ ಎಂಟಕ್ಕೇ ಬಾಲ್ಕನಿಯಲ್ಲಿ ಕುಳಿತು, ಕೊನೆಗೂ ಸಿಕ್ಕ ಹೊಸ ತೋಳನ್ನು ಕಾರಿಗೆ ಕೂರಿಸಿದ. ಸೈಕಲ್ ಅಂಗಡಿಯಿಂದ ತಂದ ಸ್ಪೋಕ್ ಕಡ್ಡಿಗಳನ್ನು ಅಳೆದು, ಕತ್ತರಿಸಿ, ಬಗ್ಗಿಸಿ, ಕಡ್ಡಿ ಕಡ್ಡಿ ಕೂಡುವಲ್ಲಿ ತೆಳು ತಾಮ್ರದ ತಂತಿ ಸುತ್ತಿ ಬೆಸುಗೆ ಹಾಕತೊಡಗಿದ. ಹೊಗೆಯ ವಾಸನೆ ಹಿಡಿದು ಮೊದಲು ಬಂದವರು ಮೇಲಿನ ಮನೆಯ ಶಾಂತಮ್ಮ. ಕಾಲೊನಿಯ ಮಕ್ಕಳಿಗೆ ಕನ್ನಡ ಕಲಿಸುತ್ತೇನೆಂದು ಹಟ ಹಿಡಿದು, ಕೊನೆಗೆ ತಾವೇ ಹಿಂದಿ ಕಲಿತವರು.

"ಏನಪ್ಪಾ ಸ್ವಾಮಿ, ಇಲಿಬೋನಾ? ಸದ್ಯ! ನಮ್ಮ ಅಡುಗೆಮನೇಲಿ ಒಂದು ಹೆಗ್ಗಣ ಸಂಸಾರ ಹೂಡಿದೆ."

"ಇಲಿಬೋನಲ್ಲ ಶಾಂತಮ್ಮನೋರೆ, ರೋಲ್ ಕೇಜ್."

"ಬಾಗಿಲೇ ಇಟ್ಟಿಲ್ವಲ್ಲೋ, ಇಲಿ ಒಳಗೆ ಹೋಗೋದು ಹೇಗೆ?"

"ಒಳಗೆ ಇಲಿ ಇರಲ್ಲ, ಕಾರು ಇರುತ್ತೆ."

"ಕಾರು ಇಟ್ಟರೆ ಇಲಿ ಬರುತ್ತಾ? ತೆಂಗಿನಕಾಯಿ ಚೂರು ಇಡಬೇಕು ಕಣಪ್ಪ." ಅಷ್ಟರಲ್ಲಿ ಅವರ ಮೂಗು ಅರಳಿತು. "ಅದೇನು, ಒಲೆ ಮೇಲೆ ಏನಿಟ್ಟಿದ್ದೀಯ?"

ಮಗಳಿಗೆಂದು ಇಟ್ಟ ಬಿಸಿಬೇಳೆಬಾತು ಅಷ್ಟು ಹೊತ್ತಿಗೆ ರಸ್ತೆಗೆ ಹಾಕುವ ಟಾರಾಗಿತ್ತು. "ಹೋಗ್ಲಿ ಬಿಡು, ಮಗೂಗೆ ನಾನು ಚಿತ್ರಾನ್ನ ತರ್ತೀನಿ. ನೀನು ಬೋನು ಮುಗಿಸು" ಎಂದು ಶಾಂತಮ್ಮ ಹೊರಟರು.

ಹನ್ನೊಂದಕ್ಕೆ ಖುರಾನಾ ಬಂದರು. ಸೊಸೈಟಿಯ ಕಾರ್ಯದರ್ಶಿ. ರೈಲ್ವೆಯ ಸೇತುವೆ ವಿಭಾಗದಿಂದ ನಿವೃತ್ತರಾಗಿ ಆರು ವರ್ಷವಾದರೂ ಕೈ ಇನ್ನೂ ಸೇತುವೆ ಹುಡುಕುತ್ತಿತ್ತು. ಪಂಜರವನ್ನು ಎತ್ತಿ, ತಿರುಗಿಸಿ, ಹಿಂದಿಯಲ್ಲಿ ಮರುಗಿದರು.

"ಸ್ವಾಮೀಜಿ, ಇದರಲ್ಲಿ ತ್ರಿಕೋನ ಎಲ್ಲಿ? ತ್ರಿಕೋನ ಇಲ್ಲದ್ದು ಸೇತುವೆಯೇ ಅಲ್ಲ!"

"ಇದು ಸೇತುವೆ ಅಲ್ಲ ಖುರಾನಾಜಿ."

"ಅರೇ, ಆಗಿಲ್ಲ ಅಂತಲೇ ಹೇಳ್ತಿರೋದು!"

ಅವರು ನಿಂತು ನಾಲ್ಕು ತ್ರಿಕೋನ ಹಾಕಿಸಿದರು. ಹೋಗಿ, ಚಹಾ ಕುಡಿದು ಬಂದು ಇನ್ನಾರು ಹಾಕಿಸಿದರು. ಕೂಡಿಸಿ ಓಡಿಸಿದರೆ ಕಾರು ಮೆರವಣಿಗೆಯ ಮದುಮಗನ ಕುದುರೆಯಂತೆ ಒಂದೊಂದೇ ಹೆಜ್ಜೆ ಇಟ್ಟಿತು. ತಿಪ್ಪೇಸ್ವಾಮಿ ಪಂಜರವನ್ನು ತೂಗಿ, ಒಂದು ಹಾಳೆಯ ತುಂಬ ಬಲದ ಲೆಕ್ಕ ಹಾಕಿ, ಬೇಡದ ತ್ರಿಕೋನಗಳನ್ನೆಲ್ಲ ಕತ್ತರಿಸಿ ಹಾಕಿದ. ಖುರಾನಾ ತಮ್ಮ ಹಲ್ಲು ಕೀಳಿಸಿಕೊಂಡವರಂತೆ ಕೆನ್ನೆ ಹಿಡಿದು ನೋಡುತ್ತಿದ್ದರು.

"ಚಲೋ, ಈಗ ಪರೀಕ್ಷೆ ಆಗಲೇಬೇಕು" ಎಂದು ಅವರೇ ರಿಮೋಟ್ ಕಿತ್ತುಕೊಂಡರು. ಕಾರು ಬಾಲ್ಕನಿಯ ಉದ್ದಕ್ಕೂ ಬಾಣದಂತೆ ಹೋಯಿತು, ಕಂಬಿಗಳ ಸಂದಿಯಲ್ಲಿ ನುಸುಳಿತು, ಕಾಣೆಯಾಯಿತು. ಕೆಳಗಿನಿಂದ ಢಬ್ಬೆಂದು ಸದ್ದು.

ಇಬ್ಬರೂ ಓಡಿದರು. ಮೊದಲ ಮಹಡಿಯಿಂದ ಬಿದ್ದ ಕಾರು, ಖುರಾನಾ ಅವರದೇ ಬಿಳಿ ಕಾರಿನ ಬಾನೆಟ್ಟಿಗೆ ತಟ್ಟೆಯಗಲದ ಕುಳಿ ಮಾಡಿ, ಪುಟಿದು, ಹುಲ್ಲಿನ ಮೇಲೆ ನಾಲ್ಕೂ ಚಕ್ರ ಊರಿ ನಿಂತಿತ್ತು. ತಿಪ್ಪೇಸ್ವಾಮಿ ಬೆವೆತುಹೋದ. ಖುರಾನಾ ಬಾನೆಟ್ ನೋಡಿದರು, ಪಂಜರ ನೋಡಿದರು. ಒಂದು ಬೆಸುಗೆಯೂ ಬಿಟ್ಟಿರಲಿಲ್ಲ.

"ನೋಡಿದ್ರಾ, ನಮ್ಮ ತ್ರಿಕೋನ!" ಎಂದು ತಬ್ಬಿಕೊಂಡೇಬಿಟ್ಟರು. ಆಮೇಲೆ ಗೇಟಿನಲ್ಲಿ ಬಂದವರಿಗೆಲ್ಲ ಆ ಕುಳಿಯನ್ನು ಪದಕದಂತೆ ತೋರಿಸಿದರು.

ಮೂರಕ್ಕೆ ಸರಿಯಾಗಿ ಧಾರಿಣಿ ಬಂದಳು. ಚಪ್ಪಲಿ ಬಿಟ್ಟವಳೇ ಕಪಾಟಿನಿಂದ ಹಳೇ ಪೇಪರು ತೆಗೆದು ಮೇಜಿನ ಮೇಲೆ ಹಾಸಿದಳು. "ಪಾಪಾ, ಟಾರ್ಚ್ ಕಹಾಂ ಹೈ? ಈ ಸಲ ಸ್ಕ್ರೂ ನಾನು, ಟಾರ್ಚ್ ನೀನು."

"ಏನೂ ಬೇಡ!" ತಿಪ್ಪೇಸ್ವಾಮಿ ಹಿಗ್ಗಿನಿಂದ ಕಾರನ್ನು ಮೇಜಿನ ಮೇಲಿಟ್ಟ. "ಎಲ್ಲಾ ಆಗಿದೆ."

"ಎಲ್ಲಾ? ಮೇರೇ ಬಿನಾ? ನಾನಿಲ್ದೇನೇ?"

"ನೀನು ಆಡೋದಷ್ಟೇ ಬಾಕಿ."

"ಅಚ್ಛಾ" ಎಂದಳು ಧಾರಿಣಿ. ಹಾಸಿದ ಪೇಪರನ್ನು ಮಡಚಿದಳು, ಇನ್ನೊಮ್ಮೆ ಮಡಚಿದಳು, ಕಪಾಟಿನಲ್ಲಿಟ್ಟಳು.

ಪಾರ್ಕಿನಲ್ಲಿ ಕಾರು ಅದ್ಭುತವಾಗಿ ಓಡಿತು. ಪಲ್ಟಿ ಹೊಡೆದರೆ ಪಂಜರದ ಮೇಲೆ ಉರುಳಿ ತಾನೇ ಎದ್ದು ನಿಲ್ಲುತ್ತಿತ್ತು. ಸೊಸೈಟಿಯ ಮಕ್ಕಳೆಲ್ಲ ಧಾರಿಣಿಯನ್ನು ಮುತ್ತಿಕೊಂಡರು. ತಿಪ್ಪೇಸ್ವಾಮಿ ಖುರಾನಾ ಜೊತೆ ಬೆಂಚಿನ ಮೇಲೆ ಕುಳಿತು, ಯಾವುದೋ ನದಿಯ ಸೇತುವೆಯ ಕಥೆಯನ್ನು ಅಡಿಪಾಯದಿಂದ ಕೇಳಿದ. ನಡುವೆ ಎರಡು ಸಲ ಎದ್ದು ಹೋಗಿ, "ಏನಾದ್ರೂ ಸಡಿಲ ಆಯ್ತಾ ಪುಟ್ಟಾ?" ಎಂದು ವಿಚಾರಿಸಿದ.

"ನಹೀ ಪಾಪಾ, ಪರ್ಫೆಕ್ಟ್ ಹೈ" ಎಂದಳು ಅವಳು, ತಲೆಯೆತ್ತದೆ.

ಆರಕ್ಕೆ ವೈಜಯಂತಿ ಗೇಟಿಗೆ ಬಂದಳು. ಕೆಂಪಾದ ಮಗಳ ಮುಖ ನೋಡಿ ಅವಳಿಗೂ ಖುಷಿಯಾಯಿತು. "ಚೆನ್ನಾಗಿ ಆಡಿದ್ಯಾ? ಹಾಗಾದ್ರೆ ಮುಂದಿನ ತಿಂಗಳೂ ಬರ್ತೀಯಲ್ಲ? ಆ ದಿನ ಕ್ಲಾಸಿಗೆ ಬರಲ್ಲ ಅಂತ ಹೇಳ್ಬಿಡ್ಲಾ?"

ತಿಪ್ಪೇಸ್ವಾಮಿ ಒಂದು ಹೆಜ್ಜೆ ಮುಂದೆ ಬಂದ.

ಧಾರಿಣಿ ಕಾರನ್ನೇ ನೋಡುತ್ತಿದ್ದಳು. "ಅಬ್ ತೋ ಯೇ ಟೂಟೇಗೀ ಹೀ ನಹೀ, ಮಮ್ಮಾ" ಎಂದಳು. "ಮುರಿಯೋದೇ ಇಲ್ಲ ಅಂದ್ಮೇಲೆ ಇಲ್ಲಿಗೆ ಬಂದು ಏನ್ ಮಾಡೋದು?"

ಅದರಲ್ಲಿ ಮುನಿಸಿರಲಿಲ್ಲ. ಲೆಕ್ಕದಲ್ಲಿ ಅರ್ಥವಾಗದ್ದನ್ನು ಕೇಳುವ ಹಾಗೆ ಕೇಳಿದ್ದಳು. ವೈಜಯಂತಿ ಅವನತ್ತ ನೋಡಿದಳು. 'ಸುಮ್ಮನೆ ಬಾ ಪುಟ್ಟಾ' ಎಂದು ಅವನು ಹೇಳಿದ್ದರೆ ಆಗಿತ್ತು. ಅಷ್ಟು ಸಣ್ಣ ಮಾತು ಆಡುವ ಬದಲು ತಿಪ್ಪೇಸ್ವಾಮಿ ಬಗ್ಗಿ ಕಾರಿನ ಚಕ್ರಗಳನ್ನು ನೋಡಿದ.

"ಪಾಪಾ, ಲಾಸ್ಟ್ ಚೆಕ್ ಮಾಡ್ಕೊಡು" ಎಂದು ಧಾರಿಣಿ ಕಾರು ಚಾಚಿದಳು.

ಅವನು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಎಡ ಮುಂಚಕ್ರದ ಮೇಲೆ ಪಂಜರವನ್ನು ಹಿಡಿದ ಒಂದು ಸ್ಕ್ರೂ ಇತ್ತು. ಅದನ್ನು ಎಡಕ್ಕೆ ಎರಡು ಸುತ್ತು ತಿರುಗಿಸಿದರೆ ಸಾಕು, ಹದಿನೈದು ದಿನದಲ್ಲಿ ತೋಳು ಮುರಿಯುತ್ತದೆ. ಇದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಸ್ಕ್ರೂಡ್ರೈವರ್ ಇಟ್ಟ, ಒತ್ತಿದ. ಸ್ಕ್ರೂ ಸ್ವಲ್ಪ ಸಡಿಲವಿದ್ದಂತೆ ಕಂಡಿತು. ಕೈ ತನ್ನಷ್ಟಕ್ಕೆ ತಾನೇ ಬಲಕ್ಕೆ ತಿರುಗಿ ಅದನ್ನು ಬಿಗಿ ಮಾಡಿತು.

"ಈಗ ಸರಿಯಾಯ್ತು" ಎಂದು ಕಾರನ್ನು ಮಗಳ ಕೈಗಿತ್ತ.

ವೈಜಯಂತಿಯ ಗಾಡಿ ತಿರುವು ದಾಟುವವರೆಗೆ ಅವನು ಗೇಟಿನಲ್ಲೇ ನಿಂತಿದ್ದ. ಹಿಂದಿನಿಂದ ಖುರಾನಾ ಬಂದು ಬೆನ್ನು ಚಪ್ಪರಿಸಿದರು.

"ಚಿಂತೆ ಬಿಡಿ ಸ್ವಾಮೀಜಿ! ಇನ್ನು ಹತ್ತು ವರ್ಷ ಅದು ಅಲ್ಲಾಡಲ್ಲ. ನನ್ನ ಗ್ಯಾರಂಟಿ!"