ಮೂವತ್ತೊಂದು ಅಂಕದ ಹುಡುಗಿಯ ಬಗ್ಗೆ ಮುಂಗಾಣ್ಕೆ ಯಂತ್ರಕ್ಕೆ

ಮಾನ್ಯ 'ಮುಂಗಾಣ್ಕೆ' ಯಂತ್ರ ಮಹಾಶಯರೇ,

ಕಳಸದ ಆಚೆಗಿನ ಏರಿನಲ್ಲಿ ಒಂದಿಷ್ಟು ಕಾಫಿ, ಒಂದಿಷ್ಟು ಮೆಣಸು ಬೆಳೆದುಕೊಂಡು, ಈವರೆಗೆ ಯಾರಿಂದಲೂ ಅಂಕ ಹಾಕಿಸಿಕೊಳ್ಳದೆ ಬದುಕಿರುವ ವಿಮಲಮ್ಮ ಎಂಬ ನಾನು ಕೈಮುಗಿದು ಮಾಡುವ ಅನಂತ ನಮಸ್ಕಾರಗಳು. ತಾವು ಯಾವ ಊರಿನ ಯಾವ ತಂಪು ಕೋಣೆಯಲ್ಲಿ ಬಿಜಯಂಗೈದಿದ್ದೀರಿ, ತಮಗೆ ಮುಖ ಯಾವ ಕಡೆಗಿದೆ ಎಂಬುದು ತಿಳಿಯದ ಕಾರಣ ನಾಲ್ಕೂ ದಿಕ್ಕಿಗೆ ತಿರುಗಿ ಮುಗಿದಿದ್ದೇನೆ, ತಮ್ಮ ಪಾಲಿನದನ್ನು ದಯಮಾಡಿ ಆರಿಸಿಕೊಳ್ಳಬೇಕು. ಈ ಮೊದಲು ತಮ್ಮ ಆ್ಯಪಿನ 'ಸಹಾಯ' ಎಂಬ ಗುಂಡಿ ಒತ್ತಿ ನನ್ನ ದೂರನ್ನು ಬರೆದೆ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಉತ್ತರ ಬಂತು. ನನಗೆ ಬುದ್ಧಿ ಇಲ್ಲವೇ, ತಮಗೆ ಇಲ್ಲವೇ ಎಂದು ಮತ್ತೆ ಕೇಳಿದೆ, ಅದಕ್ಕೂ ಅದೇ ಉತ್ತರ ಬಂತು. ಇಷ್ಟು ಅಮೂಲ್ಯವಾದದ್ದನ್ನು ತಮ್ಮೊಬ್ಬರಲ್ಲೇ ಬಚ್ಚಿಡುವುದು ಸರಿಯಲ್ಲವೆನಿಸಿ ಈ ಪತ್ರವನ್ನು ಕಳಸದ ಬಸ್‌ಸ್ಟ್ಯಾಂಡಿನ ಬೇಕರಿ ಗೋಡೆಗೂ ಅಂಟಿಸುತ್ತಿದ್ದೇನೆ.

ಗೋಡೆಯ ಮುಂದೆ ನಿಂತು ಓದುವ ಪರಸ್ಥಳದವರ ಅನುಕೂಲಕ್ಕಾಗಿ ತಮ್ಮ ಘನಕಾರ್ಯವನ್ನು ಮೊದಲು ವಿವರಿಸುತ್ತೇನೆ. ಕಳಸ, ಮೂಡಿಗೆರೆ, ಹೊರನಾಡು, ಅತ್ತಿಗುಂಡಿ ಮೊದಲಾದ ಊರುಗಳ ಹದಿನೆಂಟು ತುಂಬದ ಹುಡುಗಿಯರು ಆಡುವ ನಮ್ಮ ಗುಡ್ಡದ ಫುಟ್‌ಬಾಲ್ ಲೀಗಿಗೆ ಈ ಸಲ ಮಳೆ ಬಿಟ್ಟ ಮೇಲೆ ತಾವು ದಯಮಾಡಿಸಿದಿರಿ. ಮೈದಾನದ ಬದಿಯ ಕಂಬಕ್ಕೆ ಒಂದು ಕ್ಯಾಮೆರಾ ಕಟ್ಟಿಸಿದಿರಿ, ಅದು ಕಂಡದ್ದನ್ನು ಅರೆದು ಕುಡಿದು, ಯಾವ ಹುಡುಗಿ ಮುಂದೆ ಎಷ್ಟು ಬೆಳೆಯುತ್ತಾಳೆ ಎಂದು ನೂರಕ್ಕೆ ಇಷ್ಟು ಎಂಬ 'ಭವಿಷ್ಯಾಂಕ' ಹಚ್ಚಿದಿರಿ. ಆ ಅಂಕ ನೋಡಿಕೊಂಡು ಊರಿನವರು ತಮ್ಮ ತಮ್ಮ ಫೋನಿನಲ್ಲಿ ಹನ್ನೊಂದು ಹುಡುಗಿಯರ ಕಲ್ಪನೆಯ ತಂಡ ಕಟ್ಟುತ್ತಾರೆ, ಹುಡುಗಿಯರು ನಿಜವಾದ ಪಂದ್ಯದಲ್ಲಿ ಬೆವರು ಸುರಿಸಿದ ಹಾಗೆಲ್ಲ ಇವರಿಗೆ ಕೂತಲ್ಲೇ ಪಾಯಿಂಟು ಬರುತ್ತದೆ. ಇದರಲ್ಲಿ ಹಣವಿಲ್ಲ, ಬರೀ ಮಾನ; ಗೆದ್ದವರ ಹೆಸರು ಬೇಕರಿಯ ಟಿವಿಯಲ್ಲಿ ಓಡುತ್ತದೆ. ಹಣವಿದ್ದಿದ್ದರೆ ಜನ ಇಷ್ಟು ಕೆಡುತ್ತಿರಲಿಲ್ಲವೇನೋ.

ತಮ್ಮ ಆ್ಯಪು ತೆರೆದೊಡನೆ 'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂಬ ಗಾದೆ ಮಿನುಗುತ್ತದೆ. ಗಾದೆ ಚೆನ್ನಾಗಿದೆ, ಆದರೆ ಅದನ್ನು ಕಾಫಿ ಬೆಳೆಯುವವರ ಮುಂದೆ ಹೇಳಬಾರದಿತ್ತು. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದ ವಾರ ಇಲ್ಲಿ ಎಲ್ಲರೂ ಜ್ಯೋತಿಷಿಗಳೇ, ಇಷ್ಟು ಮೂಟೆ ಅಷ್ಟು ಮೂಟೆ ಎಂದು ಗಿಡದ ಬುಡದಲ್ಲೇ ಸಾರುತ್ತಾರೆ. ಹಿಂದೆಯೇ ಬರಬೇಕಾದ ಇನ್ನೊಂದು ಮಳೆ ಕೈಕೊಟ್ಟು ಹೂವೆಲ್ಲ ಕರಟಿದ ಮೇಲೆ ಅದೇ ಬಾಯಿಗಳು ತೆಪ್ಪಗಿರುತ್ತವೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ ಎಂದು ಬೀಗಿದ್ದೆವು, ತಾವು ಬಂದು ಆ ಜಂಭವನ್ನೂ ಇಳಿಸಿದಿರಿ.

ಇನ್ನು ನನ್ನ ದೂರು. ಕಳಸದಲ್ಲಿ ಜೀಪು ರಿಪೇರಿ ಮಾಡುವ ಇಜಾಜ್ ಎಂಬವರ ಮಗಳು ಫಿಜಾ, ವಯಸ್ಸು ಹದಿನೇಳು, ನಮ್ಮ ಕಳಸ ತಂಡದ ನಡುಮೈದಾನದ ಆಟಗಾರ್ತಿ. ನಮ್ಮ ಗುಡ್ಡದಲ್ಲಿ ಸಪಾಟು ಜಾಗವೆಂದರೆ ಕಾಫಿ ಒಣಗಿಸುವ ಸಿಮೆಂಟಿನ ಕಣ ಮಾತ್ರ, ಆದ್ದರಿಂದ ಹುಡುಗಿಯರು ಅಭ್ಯಾಸ ಮಾಡುವುದು ನನ್ನ ಕಣದಲ್ಲಿ. ಕೊಯ್ಲಿನ ತಿಂಗಳುಗಳಲ್ಲಿ ಕಣದ ತುಂಬ ಪಾರ್ಚ್‌ಮೆಂಟು ಹರಡಿರುತ್ತದೆ, ಪಲ್ಪರಿನಲ್ಲಿ ಸಿಪ್ಪೆ ತೆಗೆದು ತೊಳೆದ ಆ ಬೀಜದ ಮೇಲೆ ಮಣ್ಣು ಮೆತ್ತಿದ ಚೆಂಡು ಬಿದ್ದರೆ ನನ್ನ ಜೀವ ಹೋದಂತೆ. "ಚೆಂಡು ನೆಲ ಬಿಟ್ರೆ ಚೆಂಡು ನಂದು" ಎಂಬುದು ನಾನು ಮಾಡಿದ ಕಾನೂನು. ಉಳಿದ ಹುಡುಗಿಯರು ಬೈದುಕೊಂಡು ಆಡಿದರು. ಫಿಜಾ ಮಾತ್ರ ಆ ಕಾನೂನನ್ನೇ ಆಟ ಮಾಡಿಕೊಂಡಳು. ಎರಡು ಪಾರ್ಚ್‌ಮೆಂಟು ಹಾಸಿನ ನಡುವೆ ಕುಕ್ಕೆ ಹಿಡಿದವರು ಮಾತ್ರ ನಡೆಯಬಲ್ಲ ಓಣಿಯಲ್ಲಿ, ಒಂದು ಬೀಜವೂ ಕದಲದಂತೆ, ಚೆಂಡನ್ನು ನೆಲಕ್ಕೆ ಸವರಿ ಆ ತುದಿಗೆ ಮುಟ್ಟಿಸುತ್ತಾಳೆ. ನಾನು ಫುಟ್‌ಬಾಲು ಬಲ್ಲವಳಲ್ಲ. ಅದನ್ನು ನೋಡುತ್ತ ಕಾಫಿ ಕೆದಕುವುದನ್ನು ಮರೆತು ಎಷ್ಟೋ ಸಂಜೆ ನಿಂತಿದ್ದೇನೆ.

ಮಹಾಶಯರೇ, ಈ ಹುಡುಗಿಗೆ ತಾವು ನೂರಕ್ಕೆ ಮೂವತ್ತೊಂದು ಕೊಟ್ಟಿರಿ. ಕಾರಣವನ್ನೂ ಕೆಳಗೆ ಕೆಂಪಕ್ಷರದಲ್ಲಿ ಕರುಣಿಸಿದಿರಿ: ಗೋಲು ಇಲ್ಲ, ಎತ್ತರದ ಹೊಡೆತ ಇಲ್ಲ, ಗಾಳಿಯಲ್ಲಿ ಚೆಂಡು ಆಡುವ ಸಾಮರ್ಥ್ಯ ಶೂನ್ಯ, ಪಂದ್ಯದ ಬಹುಪಾಲು ನಿಷ್ಕ್ರಿಯ. ಈ ಕೊನೆಯ ಮಾತಿಗೆ ನಾನು ತಲೆಬಾಗುತ್ತೇನೆ. ನಮ್ಮ ಮೈದಾನದ ಎಡಮೂಲೆ ಭದ್ರೆಯ ಕಡೆಗೆ ಜಾರಿಕೊಂಡಿದೆ, ಅಲ್ಲಿ ಬೆಳಗಿನ ಪಂದ್ಯದಲ್ಲಿ ಮಂಜು ಕವಿದರೆ ಏಳುವುದು ಹೊತ್ತೇರಿದ ಮೇಲೆ. ಆ ಮೂಲೆಯಲ್ಲಿ ನಿಂತು ಆಡಬಲ್ಲವಳು ಫಿಜಾ ಒಬ್ಬಳೇ ಎಂದು ತಂಡದವರು ಅವಳನ್ನು ಅಲ್ಲಿಗೇ ಹಾಕುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ನೆಲ ನಿಜಕ್ಕೂ ಡೊಂಕು, ಆದರೂ ಈ ಹುಡುಗಿ ಒಂದು ಮಾತು ಆಡದೆ ಕುಣಿದಳು. ತಮ್ಮ ಕ್ಯಾಮೆರಾಕ್ಕೆ ಬಿಳಿ ಮಂಜು ಬಿಟ್ಟು ಬೇರೇನೂ ಕಾಣಲಿಲ್ಲ. ಕಾಣದಿದ್ದುದನ್ನು ಕಾಣಲಿಲ್ಲ ಎಂದು ಒಪ್ಪಿಕೊಳ್ಳುವುದು ನಮ್ಮಂಥ ಪಾಮರರ ಚಾಳಿ. ಸರ್ವಜ್ಞರಾದ ತಾವು ಅದು ಇರಲೇ ಇಲ್ಲ ಎಂದು ಬರೆದುಬಿಡುವ ಧೈರ್ಯ ತೋರಿದಿರಿ. ಆ ಮಂಜಿನೊಳಗಿಂದ ನೆಲ ಸವರಿಕೊಂಡು ಬಂದ ಚೆಂಡನ್ನು ಬಿಸಿಲಿನಲ್ಲಿ ನಿಂತು ಗೋಲಿಗೆ ತಳ್ಳಿದ ನಮ್ಮದೇ ತಂಡದ ಧನ್ಯಶ್ರೀಗೆ ತೊಂಬತ್ತನಾಲ್ಕು ಕೊಟ್ಟಿರಿ. ಚೆಂಡು ತಾನಾಗಿ ಉದ್ಭವಿಸಿತೆಂದು ತಮ್ಮ ಸಿದ್ಧಾಂತವಿರಬೇಕು.

ತಾವು ಇಷ್ಟಕ್ಕೇ ನಿಲ್ಲಿಸಿದ್ದರೆ ಚೆಂಡಾಟದ ಮಾತು ಎಂದು ಸುಮ್ಮನಿರುತ್ತಿದ್ದೆ. ಆದರೆ ತಮ್ಮ ಅಂಕ ನಮ್ಮೂರಿನ ಇನ್ನೊಂದು ಹಳೆಯ ಪದ್ಧತಿಯ ಜೊತೆ ಸಂಬಂಧ ಬೆಳೆಸಿತು. ಇಲ್ಲಿ ಅಡಿಕೆಯನ್ನೋ ಮೆಣಸನ್ನೋ ಮರದಲ್ಲಿರುವಾಗಲೇ ನೋಡಿ ಫಸಲಿಗೆ ಮಾತಾಡಿಕೊಳ್ಳುವುದುಂಟು, ಚೇಣಿ ಹಿಡಿಯುವುದು ಎನ್ನುತ್ತೇವೆ. ಹಿಡಿದ ಮೇಲೆ ಕಾಯುವುದೂ ಕೊಯ್ಯುವುದೂ ಹಿಡಿದವರದೇ. ನಮ್ಮ ಕ್ಲಬ್ಬಿನ ಅಧ್ಯಕ್ಷರೂ ದೊಡ್ಡ ಎಸ್ಟೇಟಿನ ಧಣಿಗಳೂ ಆದ ಮಂಜಯ್ಯನವರು ತಮ್ಮ ಫೋನಿನ ತಂಡಕ್ಕೆ ಧನ್ಯಶ್ರೀಯನ್ನು ಆರಿಸಿದ ದಿನದಿಂದ ಅವಳನ್ನು ಚೇಣಿ ಹಿಡಿದೆನೆಂದೇ ಭಾವಿಸಿದ್ದಾರೆ. ಅವಳ ಮನೆಗೆ ನಾಟಿಕೋಳಿ ಮೊಟ್ಟೆ ಹೋಯಿತು, ಕೊಡೆ ಹೋಯಿತು. ಸ್ಕೂಟರಿನಲ್ಲಿ ಕೂರಕೂಡದು, ಕಣದಲ್ಲಿ ಕಾಲು ಉಳುಕಿಸಿಕೊಳ್ಳಕೂಡದು ಎಂದು ಅಪ್ಪಣೆಯಾಯಿತು. ಆ ಹುಡುಗಿಗೆ ಮಂಗ ಬಾರದಂತೆ ಬೇಲಿ ಕಟ್ಟುವುದೊಂದು ಬಾಕಿ. ಕೇಳಿದರೆ, "ಹಿಡ್ದ ಮೇಲೆ ಕಾಯ್ಬೇಕಲ್ವಾ ವಿಮಲಮ್ಮ, ಫಸಲು ನಮ್ದು" ಎನ್ನುತ್ತಾರೆ. ಉಳಿದವರೂ ಇವರ ದಾರಿಯನ್ನೇ ಹಿಡಿದರು. ಕಳೆದ ವಾರ ಮೂಡಿಗೆರೆಯ ಹುಡುಗಿ ನಮ್ಮ ಕಳಸದ ಮೇಲೆ ಗೋಲು ಹೊಡೆದಾಗ ಕಳಸದವರೇ ಎದ್ದು ಚಪ್ಪಾಳೆ ತಟ್ಟಿದರು, ಏಕೆಂದರೆ ಅವಳು ಅವರ ಫೋನಿನಲ್ಲಿದ್ದಳು. ಫಿಜಾ ಯಾರ ಫೋನಿನಲ್ಲೂ ಇರಲಿಲ್ಲ. ಆಟ ಮುಗಿಸಿ ಬಂದ ಅವಳಿಗೆ ಒಂದು ಲೋಟ ನೀರು ಬೇಕೇ ಎಂದು ಕೇಳಿದವರೂ ಇರಲಿಲ್ಲ.

ಅವಳ ಅಪ್ಪನ ಫೋನಿನಲ್ಲಾದರೂ ಇರಬಹುದೆಂದು ಗ್ಯಾರೇಜಿಗೆ ಹೋಗಿ ವಿಚಾರಿಸಿದೆ. ಇಜಾಜ್ ಜೀಪಿನ ಅಡಿಯಿಂದ ತಲೆ ಹೊರಗೆ ಹಾಕಿ, ಕೈಯಲ್ಲಿದ್ದ ಪಾನಾ ಒರೆಸಿಕೊಳ್ಳುತ್ತ, "ಏನ್ ಮಾಡೋದಮ್ಮಾ, ಮಗಳು ಬೇರೆ, ಪಾಯಿಂಟ್ ಬೇರೆ" ಎಂದರು. ಒಳ್ಳೆಯ ಮನುಷ್ಯ, ಮಗಳೆಂದರೆ ಪ್ರಾಣ. ಹಿತ್ತಲ ಗಿಡ ಮದ್ದಲ್ಲ ಎಂಬುದು ಹಳೆಯ ಕಾಯಿಲೆ. ಅದಕ್ಕೆ ಪ್ರಮಾಣಪತ್ರ ಬರೆದುಕೊಟ್ಟ ಮೊದಲ ವೈದ್ಯರು ತಾವು.

ಬರುವ ಭಾನುವಾರ ಚಿಕ್ಕಮಗಳೂರಿನಲ್ಲಿ ಜಿಲ್ಲಾ ತಂಡದ ಆಯ್ಕೆ ಇದೆ. ಫಿಜಾಳಿಗೆ ಮುಂದಿನ ವರ್ಷ ವಯಸ್ಸು ಮೀರುತ್ತದೆ, ಆದ್ದರಿಂದ ಇದೇ ಮೊದಲು ಇದೇ ಕೊನೆ. ಕಳಸದಿಂದ ಹೋಗುವ ಹುಡುಗಿಯರನ್ನು ಹೆಸರಿಸಬೇಕಾದ ಮಂಜಯ್ಯನವರು ಮೈದಾನದ ಕಡೆ ತಲೆಯನ್ನೂ ಎತ್ತದೆ ತಾವು ಕೊಟ್ಟ ಅಂಕಗಳನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಹೆಸರು ಬರೆದುಕೊಂಡರು, ಫಿಜಾಳನ್ನು ತಲುಪುವ ಮೊದಲೇ ಹುಡುಗಿಯರನ್ನು ಒಯ್ಯುವ ಜೀಪು ತುಂಬಿತು. ಆಗ ಬಾಯಿ ಬಿಟ್ಟವಳು ತಮ್ಮ ತೊಂಬತ್ತನಾಲ್ಕು ಅಂಕದ ಧನ್ಯಶ್ರೀ. "ಫಿಜಾ ಕೊಡ್ದೆ ನಾನು ಹೊಡಿಯೋದೆಲ್ಲಿಂದ? ಅವಳು ಬರದಿದ್ರೆ ನಾನೂ ಬರಲ್ಲ" ಎಂದು ಮೊಟ್ಟೆ ಕೊಟ್ಟವರ ಮುಖದ ಮೇಲೆಯೇ ಹೇಳಿದಳು. ಫಸಲೇ ಎದ್ದು ಮಾತಾಡುವುದನ್ನು ಮಂಜಯ್ಯನವರು ಯಾವ ಚೇಣಿಯಲ್ಲೂ ಕಂಡಿರಲಿಲ್ಲ. ಗಾಬರಿಯಾಗಿ ಫಿಜಾಳ ಹೆಸರನ್ನು ಸೇರಿಸಿದರು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಫಿಜಾ ಬರುವುದಿಲ್ಲ ಎಂದಳು. ಕಣಕ್ಕೆ ಬರುವುದನ್ನೂ ನಿಲ್ಲಿಸಿದಳು. ನಾನೇ ಅವಳ ಮನೆಗೆ ಹೋಗಿ ಗದರಿದಾಗ ಅವಳು ತನ್ನ ಫೋನನ್ನು ನನ್ನ ಕೈಗಿಟ್ಟಳು. ಅವಳೂ ತಂಡ ಕಟ್ಟಿದ್ದಳು ಮಹಾಶಯರೇ. ಹನ್ನೊಂದು ಹುಡುಗಿಯರಿದ್ದರು, ಅವಳಿರಲಿಲ್ಲ. "ನನ್ನ ಹಾಕ್ಕೊಂಡಿದ್ರೆ ಪಾಯಿಂಟ್ ಹೋಗ್ತಿತ್ತು ವಿಮಲಮ್ಮೋರೇ, ಅದ್ರಲ್ಲೇ ಬರ್ದಿದೆ ಅಲ್ವಾ" ಎಂದಳು. ಅಳಲಿಲ್ಲ, ಸಿಟ್ಟಾಗಲಿಲ್ಲ, ಮಳೆ ಬರುತ್ತದೆ ಎನ್ನುವಷ್ಟು ಸಹಜವಾಗಿ ಹೇಳಿದಳು. ಊರಿನವರು ಕೈಬಿಟ್ಟದ್ದನ್ನು ನಾನು ಸಹಿಸಿಕೊಂಡೆ, ಅಪ್ಪ ಕೈಬಿಟ್ಟದ್ದಕ್ಕೆ ನಕ್ಕೆ. ಒಂದು ಹುಡುಗಿ ತನ್ನನ್ನೇ ತಾನು ಕೈಬಿಡುವ ಹಾಗೆ ಮಾಡಿದ್ದಕ್ಕೆ ತಮ್ಮನ್ನು ಕ್ಷಮಿಸುವಷ್ಟು ಸಜ್ಜನಿಕೆ ನನ್ನಲ್ಲಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಅಲ್ಪ ಬಿನ್ನಹಗಳಿವೆ. ತಾವು ಒಮ್ಮೆ ಸಪರಿವಾರ ಕಳಸಕ್ಕೆ ಬರಬೇಕು. ಕಣದ ತುಂಬ ಪಾರ್ಚ್‌ಮೆಂಟು ಹರಡಿಸುತ್ತೇನೆ, ನಡುವಿನ ಓಣಿಯಲ್ಲಿ ಒಂದೇ ಒಂದು ಸಲ ಚೆಂಡನ್ನು ದಾಟಿಸಿ ತೋರಿಸಬೇಕು. ಕಾಲಿಲ್ಲವೆಂಬ ನೆಪ ಬೇಡ, ಕಣ್ಣಿಲ್ಲದೆ ನೋಡಿದವರಿಗೆ ಅದೊಂದು ಕಷ್ಟವಲ್ಲ. ಭದ್ರೆಯ ಮಂಜಿಗೆ ಪಂದ್ಯದ ಹೊತ್ತಿನಲ್ಲಿ ಬದಿಗೆ ಸರಿದು ನಿಲ್ಲುವಂತೆ ತಮ್ಮ ಕಡೆಯಿಂದ ಒಂದು ಸುತ್ತೋಲೆ ಹೊರಡಿಸಬೇಕು. ಮಂಜಯ್ಯನವರಿಗೂ ಒಂದು ಭವಿಷ್ಯಾಂಕ ದಯಪಾಲಿಸಬೇಕು, ಅವರ ವಯಸ್ಸಿಗೆ ಭವಿಷ್ಯ ಅಷ್ಟಾಗಿ ಉಳಿದಿಲ್ಲವಾದರೂ ಇದ್ದಷ್ಟರಲ್ಲಿ ಹೊಂದಿಸಬಹುದು. ನನ್ನ ಮದುವೆಯ ಕಾಲದಲ್ಲಿ ತಾವು ಇಲ್ಲದೆ ಹೋದದ್ದು ದೊಡ್ಡ ನಷ್ಟ. ನಮ್ಮ ಮನೆಯವರಿಗೆ ತಾವು ಖಂಡಿತ ಮೂವತ್ತೊಂದೇ ಕೊಡುತ್ತಿದ್ದಿರಿ, ನಾನು ಅಷ್ಟು ವರ್ಷ ಅಷ್ಟು ಸುಖವಾಗಿರುವುದು ತಪ್ಪುತ್ತಿತ್ತು. ಫಿಜಾಳ ಅಂಕವನ್ನು ಏರಿಸಿ ಎಂದು ಮಾತ್ರ ನಾನು ಕೇಳುತ್ತಿಲ್ಲ. ಅವಳ ಹೆಸರಿನ ಮುಂದಿನ ಅಂಕವನ್ನೇ ತೆಗೆದುಹಾಕಿ, ಆ ಜಾಗದಲ್ಲಿ 'ನಮಗೆ ಗೊತ್ತಿಲ್ಲ' ಎಂದು ಬರೆಯಿರಿ. ಕನ್ನಡದ ಬಹಳ ಗೌರವಾನ್ವಿತ ವಾಕ್ಯ ಅದು, ಹೇಳಿದವರ ನಾಲಿಗೆ ಈವರೆಗೆ ಬಿದ್ದುಹೋದದ್ದಿಲ್ಲ.

ತಾವು ಅದನ್ನು ಮಾಡುವುದಿಲ್ಲವೆಂದು ಬಲ್ಲೆನಾದ್ದರಿಂದ ನನ್ನ ಕೈಲಾದುದನ್ನು ನಾನು ಮಾಡಿದ್ದೇನೆ. ನಿನ್ನೆ ಆಳುಗಳಿಗೆ ಹೇಳಿ ಕಣದ ಮೇಲಿನ ಪಾರ್ಚ್‌ಮೆಂಟನ್ನೆಲ್ಲ ಬಳಿಸಿ ಮೂಲೆಗೆ ರಾಶಿ ಹಾಕಿಸಿದೆ. ಅರೆ ಒಣಗಿದ ಕಾಫಿ ರಾಶಿ ಬಿದ್ದರೆ ಮುಗ್ಗಲು ಹಿಡಿಯುತ್ತದೆ ಎಂದು ನಮ್ಮ ಮೇಸ್ತ್ರಿ ಚಿಕ್ಕಯ್ಯ ತಲೆ ಚಚ್ಚಿಕೊಂಡ. ಹಿಡಿದರೆ ಹಿಡಿಯಲಿ. ಭಾನುವಾರದವರೆಗೆ ಕಣ ಖಾಲಿ ಇರುತ್ತದೆ, ನನ್ನ ಕಾನೂನೂ ಅಲ್ಲಿಯವರೆಗೆ ರದ್ದು ಎಂದು ಧನ್ಯಶ್ರೀಯ ಮೂಲಕ ಹೇಳಿ ಕಳಿಸಿದ್ದೇನೆ. ಬರುವುದು ಬಿಡುವುದು ಆ ಹುಡುಗಿಗೆ ಬಿಟ್ಟದ್ದು. ಅವಳು ಬರಲಿ ಎಂದು ನಾನು ದೇವರನ್ನು ಬೇಡಿಕೊಂಡಿದ್ದೇನೆ. ಭವಿಷ್ಯದ ವಿಚಾರದಲ್ಲಿ ತಮಗಿಂತ ಹಿರಿಯರಾದ ಅವರು ಈವರೆಗೆ ಯಾರಿಗೂ ಅಂಕ ಹೇಳಿದವರಲ್ಲ.

ತಮ್ಮ ದಿವ್ಯದೃಷ್ಟಿಗೆ ಪೊರೆ ಹೀಗೆಯೇ ಬೆಳೆಯುತ್ತಿರಲಿ ಎಂದು ಹಾರೈಸುತ್ತ,

ತಮ್ಮ ವಿಶ್ವಾಸಿ,
ವಿಮಲಮ್ಮ
ಕಳಸ

ಮರೆತ ಮಾತು: ಪತ್ರ ಮಡಿಸುವಷ್ಟರಲ್ಲಿ ಕಣದ ಕಡೆಯಿಂದ ದೊಡ್ಡ ಸದ್ದು ಕೇಳಿ ಓಡಿದೆ. ಫಿಜಾ ಬಂದಿದ್ದಳು. ನೆಲ ಬಿಡಲು ಅಪ್ಪಣೆ ಸಿಕ್ಕ ಚೆಂಡನ್ನು ಕಣದ ಆ ಕೊನೆಯಿಂದ ಎತ್ತಿ ಹೊಡೆದದ್ದು ಪಲ್ಪರ್ ಮನೆಯ ಹಂಚಿನ ಮಾಡಿನ ಮೇಲೆ ಇಳಿದಿತ್ತು. ನನ್ನನ್ನು ಕಂಡು, ಬೈಗುಳಕ್ಕೆ ಕಾಯುತ್ತ, ತಲೆ ತಗ್ಗಿಸಿ ನಿಂತಿದ್ದಳು. ನಾನು ಇನ್ನೊಂದು ಹೊಡೆ ಎಂದೆ. ಗಾಳಿಯಲ್ಲಿ ಚೆಂಡು ಆಡುವ ಸಾಮರ್ಥ್ಯ ಶೂನ್ಯ ಎಂಬ ತಮ್ಮ ವಿದ್ವತ್ಪೂರ್ಣ ಅಭಿಪ್ರಾಯವನ್ನು ಮರುಪರಿಶೀಲಿಸಲು ಅನುಕೂಲವಾಗಲೆಂದು ಒಡೆದ ಹಂಚಿನ ಚೂರೊಂದನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಉಳಿದ ಚೂರುಗಳನ್ನು ಫಿಜಾ ತಾನೇ ಆರಿಸಿ ಚೀಲಕ್ಕೆ ಹಾಕಿಕೊಂಡಳು, ಭಾನುವಾರ ಅವು ಅವಳ ಜೊತೆ ಅವಳಪ್ಪ ಓಡಿಸುವ ಜೀಪಿನಲ್ಲಿ ಚಿಕ್ಕಮಗಳೂರಿನ ಆಯ್ಕೆಗೆ ಹೊರಡಲಿವೆ.