ನರ್ಸಮ್ಮನ ಸ್ಕೂಟರ್ ನಿಂತ ಮನೆ

ಹಳ್ಳಿ ನರ್ಸಿನ ಕೆಲಸಕ್ಕೆ ಸೇರಿದವಳಿಗೆ ನಗು ಬರಿಸುವ ಪ್ರಸಂಗಗಳಿಗೆ ಬರ ಇಲ್ಲ. ಬೆಳಿಗ್ಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟರೆ ಸಂಜೆಯೊಳಗೆ ಒಂದಾದರೂ ಸಿಕ್ಕೇ ಸಿಗುತ್ತದೆ. ಎದುರಿಗೇ ನಕ್ಕರೆ ಜನಕ್ಕೆ ಬೇಜಾರು. ಹಾಗಾಗಿ ಅಲ್ಲಿ ಬೈದು, ಮನೆಗೆ ಬಂದು ನಗುವುದು ನನ್ನ ರೂಢಿ. ಅರ್ಧ ಸರ್ವಿಸು ಶಿಕಾರಿಪುರದ ಕಡೆ ಮಾಡಿದೆ, ಉಳಿದರ್ಧ ಸೊರಬದ ಕಡೆ. ಎರಡೂ ತಾಲ್ಲೂಕಿನ ಬಸುರಿಯರಿಗೆ ಬೈದಿದ್ದೇನೆ. ಅವರ ಅತ್ತೆಯರಿಗೆ ಇನ್ನೂ ಜಾಸ್ತಿ ಬೈದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಮಕ್ಕಳಿಲ್ಲ. ಅದಕ್ಕೆ ಅತ್ತು ಮುಗಿಸಿ ಬಹಳ ವರ್ಷವಾಯಿತು. ಆದರೆ ಒಂದು ಆಸೆ ಮಾತ್ರ ಹೋಗಲಿಲ್ಲ. ನಮ್ಮ ಕಡೆ ಬಸುರಿಗೆ ಬಯಕೆ ಊಟ ಹಾಕುತ್ತಾರೆ. ಹೆಂಗಸರು ಸಾಲಾಗಿ ಕೂತು ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಅವಳು ಬಯಸಿದ್ದನ್ನೆಲ್ಲ ಬಡಿಸುತ್ತಾರೆ. ಆ ಸಾಲಿಗೆ ಮಕ್ಕಳ ತಾಯಂದಿರನ್ನೇ ಕರೆಯುವುದು. ಬಸುರಿಯ ಬಿಪಿ ನೋಡಲು ನಾನು ಬೇಕು, ಸೂಜಿ ಚುಚ್ಚಲು ನಾನು ಬೇಕು, ನೋವು ಬಂದ ದಿನ ನಾನೇ ಬೇಕು. ಬಳೆ ತೊಡಿಸಲು ಮಾತ್ರ ಒಬ್ಬರೂ ಕರೆದಿರಲಿಲ್ಲ. ಮಾರನೇ ದಿನ ಹೋಳಿಗೆ ಡಬ್ಬಿಯಲ್ಲಿ ಮನೆಗೆ ಬರುತ್ತಿತ್ತು. ಕರೆಯದ ಮನೆಯ ಹೋಳಿಗೆ ಗಂಟಲಲ್ಲಿ ಇಳಿಯುವುದು ಕಷ್ಟ. ಆದರೂ ತಿನ್ನುತ್ತಿದ್ದೆ. ಹೋಳಿಗೆ ಏನು ತಪ್ಪು ಮಾಡಿದೆ?

ಡೈರಿ ಹತ್ತಿರ ನಿಲ್ಲಿಸಿ

ನಾನೀಗ ಇರುವುದು ಕುಪ್ಪಗಡ್ಡೆಯಿಂದ ಸ್ವಲ್ಪ ಆಚೆಗಿನ ಹಳ್ಳಿ. ಇಲ್ಲಿ ಮೂರು ತಿಂಗಳು ತುಂಬುವ ತನಕ ಬಸಿರಿನ ಸುದ್ದಿ ಹೊರಗೆ ಬಿಡುವುದಿಲ್ಲ, ದೃಷ್ಟಿಯಾಗುತ್ತದೆ ಅಂತ. ನಾನಾದರೋ ಮೂರು ತಿಂಗಳೊಳಗೇ ತಾಯಿ ಕಾರ್ಡು ಮಾಡಿಸಬೇಕು. ಅವರು ಮುಚ್ಚಿಡುತ್ತಾರೆ, ನಾನು ಹುಡುಕಿಕೊಂಡು ಹೋಗುತ್ತೇನೆ. ನನ್ನ ಕೆಂಪು ಸ್ಕೂಟರ್ ಒಂದು ಮನೆ ಮುಂದೆ ನಿಂತಿತು ಅಂದರೆ ಮುಗೀತು. ಡೈರಿಗೆ ಹಾಲು ಹಾಕಲು ಹೊರಟವರೆಲ್ಲ ಆ ಮನೆ ಸೊಸೆಗೆ ಎಷ್ಟನೇ ತಿಂಗಳು ಅಂತ ಮಾತಾಡಿಕೊಂಡೇ ಹೋಗುತ್ತಾರೆ.

ನಮ್ಮ ಕೇರಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಊರಿನ ಯಾವ ಶಾಸ್ತ್ರವೂ ಅವರಿಲ್ಲದೆ ನಡೆಯುವುದಿಲ್ಲ. ಬಯಕೆ ಊಟಕ್ಕೆ ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಅನ್ನುವುದೂ ಅವರದೇ ತೀರ್ಮಾನ. ಈ ವರ್ಷ ಅವರ ಮೊಮ್ಮಗನ ಹೆಂಡತಿಗೆ ದಿನ ತಪ್ಪಿದಾಗ ನನ್ನನ್ನು ದಾರಿಯಲ್ಲೇ ನಿಲ್ಲಿಸಿ ಮೆಲ್ಲಗೆ ಹೇಳಿದರು.

"ನರ್ಸಮ್ಮ, ನೀವು ಬರೋದು ಬೇಡ ಅನ್ನಲ್ಲ. ಗಾಡಿ ಮಾತ್ರ ನಮ್ಮ ಬಾಗಿಲಿಗೆ ತರಬೇಡಿ. ಡೈರಿ ಹತ್ರ ನಿಲ್ಸಿ, ಹಿತ್ತಲ ಕಡೆಯಿಂದ ಬನ್ನಿ."

ಹಾಗೇ ಮಾಡಿದೆ. ಡೈರಿ ಮುಂದೆ ಗಾಡಿ ನಿಲ್ಲಿಸಿ, ಸಗಣಿ ತುಳಿದುಕೊಂಡು ಹಿತ್ತಲಿನಿಂದ ಹೋಗಿ ಕಾರ್ಡು ಮಾಡಿ ಬಂದೆ. ಆಮೇಲೂ ಒಂದು ವಾರ ಅವಳನ್ನು ನೋಡಲು ಹೋದಾಗಲೆಲ್ಲ ಗಾಡಿ ಡೈರಿ ಮುಂದೆಯೇ ನಿಂತಿತು. ಆಮೇಲೆ ಡೈರಿ ಸೆಕ್ರೆಟರಿ ಹುಡುಗ ಮುಖ ಸಣ್ಣದು ಮಾಡಿಕೊಂಡು ನಮ್ಮ ಮನೆಗೆ ಬಂದ.

"ಮೇಡಂ, ದಯವಿಟ್ಟು ಗಾಡಿ ಬೇರೆ ಕಡೆ ನಿಲ್ಸಿ. ನಂಗಿನ್ನೂ ಮದುವೆ ಆಗಿಲ್ಲ. ಮೊನ್ನೆ ಒಪ್ಪಿದ್ದ ಹೆಣ್ಣಿನ ಕಡೆಯೋರು ಈಗ ಯೋಚನೆ ಮಾಡಿ ಹೇಳ್ತೀವಿ ಅಂತಿದಾರೆ."

ಟೈಲರ್ ಕೊಟ್ಟ ಸುಳಿವು

ನಮ್ಮ ಯಜಮಾನರು ಟೈಲರ್. ಊರಲ್ಲಿ ಯಾರು ಬಸುರಿ ಅಂತ ನನಗಿಂತ ಮೊದಲು ಗೊತ್ತಾಗುವುದು ಅವರಿಗೆ. ಹೆಂಗಸರು ರವಿಕೆ ತಂದು "ಅಣ್ಣ, ಸೈಡಿನ ಹೊಲಿಗೆ ಬಿಚ್ಚಿ ಸಡ್ಲ ಮಾಡಿಕೊಡಿ" ಅಂದರೆ ಮುಗೀತು. ಆದರೆ ಯಜಮಾನರು ನನಗೆ ಬಾಯಿ ಬಿಟ್ಟು ಹೇಳುವುದಿಲ್ಲ. ಗಿರಾಕಿಯ ಮಾನ ಟೈಲರಿನ ಕೈಯಲ್ಲಿರುತ್ತದೆ ಅಂತ ಅವರ ವಾದ. ಊಟಕ್ಕೆ ಕೂತಾಗ "ನಾಳೆ ಕೆರೆ ಕಡೆ ಹೋಗ್ತೀಯಾ?" ಅಂತ ಸುಮ್ಮನೆ ಕೇಳುತ್ತಾರೆ. ನಾನು ಹೋಗುತ್ತೇನೆ. ಅಲ್ಲಿನ ಸೊಸೆ ಬೆರಗಾಗಿ "ನಮ್ಮ ಅತ್ತೆಗೇ ಇನ್ನೂ ಹೇಳಿಲ್ಲ, ನಿಮಗ್ಯಾರು ಹೇಳಿದ್ರು?" ಅನ್ನುತ್ತಾಳೆ.

ಒಂದು ಸಲ ಮಾತ್ರ ಎಡವಟ್ಟಾಯಿತು. ಅವರು ಹೇಳಿದ ಮನೆಗೆ ಹೋಗಿ, ಕಾರ್ಡು ತೆಗೆದು, "ಎಷ್ಟನೇ ತಿಂಗಳಮ್ಮ?" ಅಂದೆ. ಹುಡುಗಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಎಂಥ ತಿಂಗಳು? ತವರಿಗೆ ಹೋಗಿದ್ದೆ, ಅಮ್ಮ ಚೆನ್ನಾಗಿ ತಿನ್ನಿಸಿ ಕಳ್ಸಿದಾರೆ. ಈಗ ಅದಕ್ಕೂ ಸರ್ಕಾರದೋರು ಕಾರ್ಡು ಮಾಡ್ತೀರಾ?"

ಮನೆಗೆ ಬಂದು ಯಜಮಾನರಿಗೆ ಬೈದೆ. ಅವರು ನಕ್ಕರು. ಅವರು ರಾಶಿ ರವಿಕೆ ಸಡಿಲ ಮಾಡಿದ್ದಾರೆ, ಅದರಲ್ಲಿ ನನ್ನದೊಂದೂ ಇರಲಿಲ್ಲ. ಅದು ಇಬ್ಬರಿಗೂ ಗೊತ್ತು. ಆ ಮಾತು ನಾವು ಆಡುವುದಿಲ್ಲ.

ಮಾತ್ರೆ ನುಂಗಿದ ಗಂಡ

ಇದು ಶಿಕಾರಿಪುರದಲ್ಲಿದ್ದಾಗಿನ ಸಂಗತಿ. ಪೇಟೆಯಲ್ಲಿ ತಗಡಿನ ಟ್ರಂಕು ಮಾಡುವ ಒಂದು ಮುಸ್ಲಿಂ ಕುಟುಂಬ. ಹೊಸದಾಗಿ ಮದುವೆಯಾದ ಜೋಡಿ, ಹುಡುಗಿಗೆ ಐದು ತಿಂಗಳು, ಮೈಯಲ್ಲಿ ರಕ್ತವೇ ಇಲ್ಲ. ಕಬ್ಬಿಣದ ಮಾತ್ರೆ ಕೊಟ್ಟು, ದಿನಾ ಒಂದು ತಪ್ಪಿಸಬೇಡ ಅಂತ ಹೇಳಿ ಬಂದೆ. ಮುಂದಿನ ತಿಂಗಳು ನೋಡಿದರೆ ಮಾತ್ರೆ ಅಷ್ಟೂ ಖಾಲಿ, ಹುಡುಗಿಯ ರಕ್ತ ಮಾತ್ರ ಇದ್ದಲ್ಲೇ ಇದೆ.

"ಮಾತ್ರೆ ಏನು ಮಾಡಿದಿ? ಸತ್ಯ ಹೇಳು" ಅಂದೆ.

ಅವಳು ತಲೆ ಬಗ್ಗಿಸಿದಳು. ಅಂಗಡಿಯಲ್ಲಿ ತಗಡು ಬಡಿಯುತ್ತಿದ್ದ ಗಂಡ ಸುತ್ತಿಗೆ ಇಟ್ಟು ಒಳಗೆ ಬಂದ.

"ಆಕಿಗೆ ಬೈಬ್ಯಾಡ್ರಿ ಅಕ್ಕಾರ. ಮಾತ್ರಿ ನುಂಗಿದ್ರ ವಾಂತಿ ಮಾಡ್ಕಂತಾಳ, ನೋಡಕ ಆಗಂಗಿಲ್ಲ. ಅದಕ್ಕ ನಾನಾ ನುಂಗೀನಿ. ಒಂದ ದಿನಾನೂ ತಪ್ಪಿಸಿಲ್ಲ."

"ನೀನು ನುಂಗಿದ್ರೆ ಅವಳಿಗೆ ಹೇಗಪ್ಪ ರಕ್ತ ಬರುತ್ತೆ?"

"ಕೂಸು ಇಬ್ರದೂ ಅಲ್ಲೇನ್ರಿ?"

ಬೈಯಬೇಕು ಅಂದುಕೊಂಡವಳು ಬ್ಯಾಗಿನಲ್ಲಿ ಮಾತ್ರೆ ಹುಡುಕಿದೆ. ಹುಡುಗಿ ಸೆರಗಿನ ಮರೆಯಲ್ಲಿ ನಗುತ್ತಿದ್ದಳು. ನನಗೆ ಆ ನಗು ಕಂಡು ಹೊಟ್ಟೆಕಿಚ್ಚಾಯಿತು, ನಿಜವಾಗಿ. ಊಟ ಆದಮೇಲೆ ನುಂಗಿದರೆ ವಾಂತಿ ಕಡಿಮೆ ಅಂತ ಅವಳಿಗೆ ತಿಳಿಸಿ ಹೇಳಿ, ಹೊಸ ಮಾತ್ರೆ ಅವಳ ಕೈಗೇ ಕೊಟ್ಟೆ. ಹೊರಡುವಾಗ ಗಂಡನಿಗೆ, "ನಾಳಿದ್ದು ಸೂಜಿ ಇದೆ. ಅದಕ್ಕೂ ನೀನೇ ಬರ್ತೀಯಾ?" ಅಂದೆ.

ಅವನು ಒಂದು ಹೆಜ್ಜೆ ಹಿಂದೆ ಸರಿದ. "ಸೂಜಿಗೆ ಆಕಿನ ಬರ್ತಾಳ ಬಿಡ್ರಿ. ಆಕಿ ಭಾಳ ಧೈರ್ಯದಾಕಿ."

ಗಂಡಸರ ಸಭೆ

ಉಡುತಡಿ ಕಡೆ ಒಮ್ಮೆ ಗಂಡಸರನ್ನು ಕೂರಿಸಿ ಮಕ್ಕಳಾಗದಂತೆ ಮಾಡಿಸುವ ಆಪರೇಷನ್ ಬಗ್ಗೆ ಮಾತಾಡಿದೆ. ಎಷ್ಟು ದಿನ ಹೆಂಗಸರೇ ಮಾಡಿಸಿಕೊಳ್ಳೋದು, ನಿಮ್ಮದು ಇನ್ನೂ ಸುಲಭ, ಹೊಲಿಗೆ ಕೂಡ ಇಲ್ಲ ಅಂದೆ. ನಾನು ಮಾತು ಮುಗಿಸುವಷ್ಟರಲ್ಲಿ ಒಬ್ಬನಿಗೆ ಜೋಳಕ್ಕೆ ನೀರು ಬಿಡುವುದು ನೆನಪಾಯಿತು, ಇನ್ನೊಬ್ಬನಿಗೆ ಎಮ್ಮೆ ನೆನಪಾಯಿತು. ಕೊನೆಗೆ ಕಟ್ಟೆ ಮೇಲೆ ಉಳಿದವರು ಹಲ್ಲಿಲ್ಲದ ಒಬ್ಬ ಅಜ್ಜ.

"ನನ್ನ ಹೆಸರು ಬರ್ಕಳವ್ವ" ಅಂದರು.

"ನಿಮಗ್ಯಾಕಜ್ಜ ಈ ವಯಸ್ಸಲ್ಲಿ?"

"ನೀ ಅಷ್ಟು ದೂರದಿಂದ ಬಂದೀ, ಬರಿಗೈಲೆ ಕಳಿಸಿದ್ರ ಊರ ಮಾನ ಏನಾಗಬೇಕು?"

ಎಲ್ಲರೂ ಹತ್ತಿದರು

ಅಂಬ್ಲಿಗೊಳದ ಹತ್ತಿರದ ಹಳ್ಳಿಯೊಂದರಲ್ಲಿ ಮಧ್ಯಾಹ್ನದ ಹೊತ್ತು ಒಬ್ಬಳಿಗೆ ನೋವು ಶುರುವಾಯಿತು ಅಂತ ಫೋನ್ ಬಂತು. ಆಂಬುಲೆನ್ಸಿಗೆ ಹೇಳಿ, ನಾನೂ ಸ್ಕೂಟರ್ ಓಡಿಸಿದೆ. ಊರ ಬಾಗಿಲಿಗೆ ಬಂದಾಗ ಆಂಬುಲೆನ್ಸು ಎದುರಿಗೇ ಧೂಳೆಬ್ಬಿಸಿಕೊಂಡು ಹೋಯಿತು. ಒಳಗೆ ತಲೆಗಳೋ ತಲೆಗಳು, ಕಿಟಕಿಯಲ್ಲಿ ಒಂದು ಹಾಸಿಗೆ ಸುರುಳಿ, ಒಂದು ಬಿಸಿನೀರಿನ ಫ್ಲಾಸ್ಕು. ಸದ್ಯ, ಹೊತ್ತಿಗೆ ಹೊರಟರಲ್ಲ ಅಂತ ಸಮಾಧಾನವಾಗಿ, ಆ ಮನೆಯಲ್ಲಿ ಒಂದು ಲೋಟ ನೀರು ಕುಡಿಯೋಣ ಅಂತ ಹೋದೆ.

ಹಿತ್ತಲ ಬಾಗಿಲಿನಿಂದ ಮುಖ ತೊಳೆದುಕೊಂಡು, ತುಂಬು ಹೊಟ್ಟೆ ಹಿಡಿದುಕೊಂಡು ಬಸುರಿ ಒಳಗೆ ಬಂದಳು.

"ಗಾಡಿ ಬಂತೇನ್ರೀ ಅಕ್ಕಾ?"

"ಬಂತು. ಹೋಯ್ತು."

ಡ್ರೈವರಿಗೆ ಫೋನ್ ಮಾಡಿದೆ. "ಎಲ್ಲ ಸರಿ ಇದೆ ಮೇಡಂ, ಪೇಷೆಂಟ್ ಹಿಂದೆ ಮಲಗಿದಾರೆ, ನರಳ್ತಿದಾರೆ" ಅಂದ. ಮಲಗಿ ನರಳುತ್ತಿದ್ದವರು ಅತ್ತೆ. ಅವರಿಗೆ ಗಾಡಿ ಹತ್ತಿದರೆ ತಲೆ ಸುತ್ತುತ್ತದಂತೆ. ಆಂಬುಲೆನ್ಸಿನ ಜೊತೆ ಬಂದಿದ್ದ ಸಿಬ್ಬಂದಿ ಹುಡುಗ ಹಿಂದೆ ಕಾಲಿಡಲು ಜಾಗವಿಲ್ಲದೆ ಮುಂದೆ ಕೂತಿದ್ದ. ಮೂವರಿಗೂ ಸೇರಿಸಿ ಫೋನಿನಲ್ಲೇ ಬೈದು, ಗಾಡಿ ವಾಪಸ್ ತಿರುಗಿಸಿ ಅಂದೆ.

ಹುಡುಗಿಗೆ ಇನ್ನೂ ಹೊತ್ತಿತ್ತು, ನೋಡಿದೆ. ಅವಳು ಗೋಡೆಗೆ ಒರಗಿ ಕಾಲು ಚಾಚಿ ಕೂತಳು. ಭಯವಾಗಿದೆಯೇನೋ ಅಂತ ಕೈ ಹಿಡಿದುಕೊಂಡೆ.

"ಅಕ್ಕಾ, ಡ್ರೈವರಣ್ಣಗ ನಿಧಾನ ಬರಾಕ ಹೇಳ್ರಿ" ಅಂದಳು. "ಮದುವಿ ಆದಮ್ಯಾಲ ಈ ಮನ್ಯಾಗ ಯಾರೂ ಇಲ್ಲದ್ದು ಇವತ್ತ ನೋಡೀನಿ."

ನಮ್ಮ ಬಾಗಿಲಲ್ಲಿ ಇನ್ನೊಂದು ಸ್ಕೂಟರ್

ಈ ವರ್ಷ ನನಗೇ ಮುಟ್ಟು ನಿಲ್ಲುವ ಕಾಲ. ನಿಲ್ಲುವ ಮುಂಚೆ ವಿಪರೀತ ಹೋಗಿ, ರಕ್ತ ಕಡಿಮೆಯಾಗಿ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು ಪರೀಕ್ಷೆ ಮಾಡಿ, ಗಾಬರಿಯಾಗುವಂಥದ್ದೇನಿಲ್ಲ, ವಯಸ್ಸಿನದು ಅಂದರು. ಅದು ನಿಂತರೆ ಪೀಡೆ ಹೋಯಿತು ಅಂದುಕೊಂಡಿದ್ದೆ. ನಿಲ್ಲುತ್ತಿದೆ ಅಂದಾಗ ಯಾಕೋ ತಡೆಯಲಾರದಷ್ಟು ಅಳು ಬಂತು. ಅತ್ತು ಮುಗಿಸಿದ್ದೇನೆ ಅಂತ ಮೊದಲೇ ಹೇಳಿದೆನಲ್ಲ, ಅದು ಸುಳ್ಳಾಯಿತು.

ರಜೆ ಹಾಕಿ ಮನೆಯಲ್ಲಿದ್ದೆ. ಪಕ್ಕದೂರಿನ ನರ್ಸು, ಚಿಕ್ಕ ಹುಡುಗಿ, ಬಂದು ಬಿಪಿ ನೋಡಿ, ಕಬ್ಬಿಣದ ಮಾತ್ರೆ ಕೊಟ್ಟು, ನಾನು ಇಷ್ಟು ದಿನ ಊರಿಗೆಲ್ಲ ಬೈದ ಧಾಟಿಯಲ್ಲೇ ನನಗೆ ಬೈದು ಹೋದಳು. ಮಾತ್ರೆ ನುಂಗಿದರೆ ನನಗೂ ವಾಂತಿ. ಯಜಮಾನರು ಸಂಕಟಪಟ್ಟು "ನಾನು ನುಂಗ್ಲಾ?" ಅಂದರು. ಟ್ರಂಕಿನ ಅಂಗಡಿಯ ಕಥೆಯನ್ನು ನಾನೇ ಅವರಿಗೆ ಹೇಳಿದ್ದು. ವಾಂತಿಯ ನಡುವೆಯೂ ನಗು ಬಂತು.

ಕೂತು ಉಂಡು ಮೈ ಬಂತು. ರವಿಕೆ ಬಿಗಿಯಾದವು. ಒಂದು ಬೆಳಿಗ್ಗೆ ಯಜಮಾನರು ಜಗಲಿ ಮೇಲೆ ಕೂತು ನನ್ನ ರವಿಕೆಯ ಹೊಲಿಗೆ ಬಿಚ್ಚುತ್ತಿದ್ದರು. ಬಾಗಿಲಲ್ಲಿ ಆ ನರ್ಸಿನ ಸ್ಕೂಟರ್ ನಿಂತಿತ್ತು. ಹಿತ್ತಲಲ್ಲಿ ನಾನು ವಾಂತಿ ಮಾಡುತ್ತಿದ್ದೆ. ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಿದ್ದ ಊರು ಈ ಮೂರನ್ನೂ ಒಟ್ಟಿಗೆ ಕಂಡಿತು.

ಎರಡು ದಿನ ಬಿಟ್ಟು ಮಧ್ಯಾಹ್ನ ಬಾಗಿಲು ತೆಗೆದರೆ ಅಜ್ಜಿ, ಹಿಂದೆ ಕೇರಿಯ ಹೆಂಗಸರೆಲ್ಲ. ಕೈಯಲ್ಲಿ ಹೋಳಿಗೆ, ಚಿತ್ರಾನ್ನ, ಕೋಡುಬಳೆ, ಮಾವಿನಕಾಯಿ ಉಪ್ಪಿನಕಾಯಿ. ಅಜ್ಜಿಯ ತಟ್ಟೆಯಲ್ಲಿ ಹಸಿರು ಬಳೆ.

"ನಮಗೆ ಹೇಳಬಾರದಿತ್ತಾ ನರ್ಸಮ್ಮ? ಐವತ್ತು ದಾಟ್ತು ಅಂತ ನಾಚಿಕೆನಾ? ನಾನೂ ನಮ್ಮತ್ತೆನೂ ಒಂದೇ ತಿಂಗಳಲ್ಲಿ ಹೆತ್ತೋರು. ಕೂತ್ಕಳಿ."

ನನ್ನನ್ನು ಮಣೆ ಮೇಲೆ ಕೂರಿಸಿಯೇ ಬಿಟ್ಟರು. ಏನೂ ಹೇಳದೆ ಕೂತರೆ ಆ ಬಳೆ ಕೈಗೆ ಬಂದೇ ಬಿಡುತ್ತದೆ. ಜೀವಮಾನವೆಲ್ಲ ಆಸೆಪಟ್ಟದ್ದು. ಆದರೆ ಬಸಿರಿನ ವಿಷಯದಲ್ಲಿ ಸುಳ್ಳು ಹೇಳಿದವರಿಗೆಲ್ಲ ಬೈದ ಬಾಯಿ ಇದು.

"ಅಜ್ಜಿ, ನಾನು ಬಸುರಿ ಅಲ್ಲ. ಮುಟ್ಟು ನಿಲ್ತಾ ಇದೆ, ಅಷ್ಟೇ" ಅಂದೆ. ಅಷ್ಟಕ್ಕೆ ನಿಲ್ಲಿಸದೆ ಅತ್ತೂಬಿಟ್ಟೆ. "ಬಳೆ ಮಾತ್ರ ವಾಪಸ್ ತಗಂಡು ಹೋಗಬೇಡಿ" ಅಂತಲೂ ಅಂದೆ.

ಅಜ್ಜಿ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಇಷ್ಟು ವರ್ಷ ಬನ್ನಿ ಹೋಗಿ ಅನ್ನುತ್ತಿದ್ದವರು ಅವತ್ತು ಮಗಳಿಗೆ ಮಾತಾಡಿದಂತೆ ಮಾತಾಡಿದರು.

"ಕರೆದ್ರೆ ನಿಂಗೆ ನೋವಾಗುತ್ತೆ ಅಂತ ಕರೀತಿರಲಿಲ್ಲ ಕಣೇ. ಕರೀದೆ ಇದ್ರೆ ನೋವಾಗುತ್ತೆ ಅಂತ ನಂಗೇನು ಗೊತ್ತು? ಊರಿಗೆಲ್ಲ ಬೈತೀಯ, ಇದೊಂದಕ್ಕೆ ನಂಗೆ ಬೈಯೋಕೆ ಬಾಯಿ ಬರಲಿಲ್ವಾ? ಕೈ ಕೊಡು."

ಎರಡು ಕೈಗೂ ಬಳೆ ತೊಡಿಸಿದರು. ಹೋಳಿಗೆ ಅವತ್ತು ಗಂಟಲಲ್ಲಿ ಸಲೀಸಾಗಿ ಇಳಿಯಿತು, ಎಷ್ಟು ತಿಂದೆ ಅಂತ ಕೇಳಬೇಡಿ. ಬಾಗಿಲ ಹಿಂದೆ ನಿಂತಿದ್ದ ಯಜಮಾನರು ಕಣ್ಣೊರೆಸಿಕೊಂಡು, "ಹಾಗಾದ್ರೆ ರವಿಕೆ ಮತ್ತೆ ಬಿಗಿ ಮಾಡ್ಲಾ?" ಅಂತ ಕೇಳಿದರು. ಅಜ್ಜಿಯೇ ನನ್ನ ತಟ್ಟೆ ನೋಡಿ, "ಬ್ಯಾಡ, ಇನ್ನೊಂದಿಷ್ಟು ಬಿಚ್ಚು" ಅಂದರು.

ಹೊರಟ ಅಜ್ಜಿ ಅಂಗಳ ದಾಟಿ ಮತ್ತೆ ತಿರುಗಿದರು. "ಬರೋ ಶುಕ್ರವಾರ ನಮ್ಮ ಮೊಮ್ಮಗನ ಹೆಂಡ್ತಿಗೆ ಬಯಕೆ ಊಟ. ಮೊದಲ ಬಳೆ ನೀನೇ ತೊಡಿಸ್ಬೇಕು. ಹಿತ್ತಲಿಂದ ಬರಬೇಡ. ಗಾಡಿ ನಮ್ಮ ಬಾಗಿಲಲ್ಲೇ ನಿಲ್ಸು."

ಶುಕ್ರವಾರ ಸ್ಕೂಟರ್ ತೊಳೆದು, ಒರೆಸಿ, ಅಜ್ಜಿಯ ಬಾಗಿಲಿಗೆ ಸರಿಯಾಗಿ ನಿಲ್ಲಿಸಿದೆ. ಬಂದವರೆಲ್ಲ ಅದನ್ನು ಸುತ್ತಿಕೊಂಡೇ ಒಳಗೆ ಹೋಗಬೇಕು. ಮೊದಲ ಬಳೆ ತೊಡಿಸಿದೆ, ಮಡಿಲು ತುಂಬಿದೆ, ಸಾಲಿನಲ್ಲಿ ಕೂತು ಉಂಡೆ. ಏಳಲು ಮನಸ್ಸೇ ಬರಲಿಲ್ಲ. ಸಂಜೆ ಹಾಲು ಹಾಕುವ ಹೊತ್ತಿಗೂ ಗಾಡಿ ಅಲ್ಲೇ ಇತ್ತು.

ಮಾರನೇ ದಿನ ಡೈರಿ ಸೆಕ್ರೆಟರಿ ಹುಡುಗ ನನ್ನನ್ನು ನಿಲ್ಲಿಸಿದ.

"ಮೇಡಂ, ಅಜ್ಜಿ ಮನೇಲಿ ಅವಳಿ ಜವಳಿ ಅಂತೆ, ಹೌದಾ? ಬೆಳಗಿಂದ ಸಂಜೆ ತನಕ ಗಾಡಿ ನಿಂತಿತ್ತಂತೆ. ಊರಲ್ಲೆಲ್ಲ ಅದೇ ಮಾತು."